ಒಂದೇ ಫಿಕ್ಸ್ಚರ್, ಒಂದೇ ಪ್ರೋಗ್ರಾಂ, ಆದರೂ ಬೋರ್ 80 ಮೈಕ್ರಾನ್ ಓಡಾಡುತ್ತಿದೆ. ತಪ್ಪು ಎಲ್ಲಿ?

ಶಿರವಾಡ_ವಿಎಂಸಿ (ಕಾರವಾರ)
ಜಾಬ್ (ಮಷಿನ್ ಮೇಲೆ ಕೆಲಸ ಆಗುವ ವಸ್ತು): ಅಡಿಕೆ ಸುಲಿಯುವ ಯಂತ್ರದ ಗೇರ್‌ಬಾಕ್ಸ್ ಹೌಸಿಂಗ್, ಎಫ್‌ಜಿ 260 ಎರಕ (ಬೂದು ಎರಕದ ಕಬ್ಬಿಣ), ಎತ್ತರ 120 ಮಿ.ಮೀ.

ಮೊದಲ ಸೆಟ್ಟಿಂಗಿನಲ್ಲಿ ತಳ ಮಿಲ್ಲಿಂಗ್ ಆಗಿ ಎರಡು 12 ಎಚ್7 ತೂತು (12.000ರಿಂದ 12.018ರೊಳಗೆ) ರೀಮ್ ಆಗುತ್ತವೆ, ಅಂದರೆ ರೀಮರ್ ಹಾಕಿ ನಿಖರ ಸೈಜಿಗೆ ಬರುತ್ತವೆ. ತೂತುಗಳ ನಡುವೆ 160 ±0.02. ಎರಡನೇ ಸೆಟ್ಟಿಂಗಿನಲ್ಲಿ ಅದೇ ತಳ ಪ್ಯಾಡಿನ ಮೇಲೆ, ಅದೇ ತೂತಿಗೆ ಪಿನ್. ಮೇಲಿನಿಂದ 6205 ಬೇರಿಂಗಿಗೆ ಎರಡು 52 ಎಚ್7 ಬೋರ್ (ಬೇರಿಂಗ್ ಕೂರುವ ದೊಡ್ಡ ತೂತು). ಬೋರುಗಳಿರುವುದು ಪಿನ್ನುಗಳ ಗೆರೆಯಿಂದ 100 ಮಿ.ಮೀ. ಪಕ್ಕಕ್ಕೆ.

ಬೋರಿನಿಂದ ಬೋರಿಗೆ 90 ±0.02 ಸರಿ ಬರುತ್ತದೆ. ಪಿನ್ ತೂತಿನಿಂದ ಬೋರಿಗೆ ±0.03 ಇರಬೇಕಾದ್ದು ಮಾತ್ರ ಕೈಗೆ ಸಿಗುತ್ತಿಲ್ಲ. ಒಂದು ಜಾಬ್ ಆಚೆ, ಮುಂದಿನದು ಈಚೆ, ಒಟ್ಟು 0.08 ಮಿ.ಮೀ.ವರೆಗೆ, ಅಂದರೆ 80 ಮೈಕ್ರಾನ್.

ಫಿಕ್ಸ್ಚರ್ (ಜಾಬ್ ಕೂರಿಸಿ ಹಿಡಿಯುವ ಚೌಕಟ್ಟು): 25 ಮಿ.ಮೀ. ಎಂಎಸ್ (ಮೃದು ಉಕ್ಕು) ಪ್ಲೇಟು, ನಾಲ್ಕು ಪ್ಯಾಡು, ಎರಡು ದುಂಡು ಪಿನ್ (ಇಎನ್31 ಗಟ್ಟಿ ಉಕ್ಕು), ನಾಲ್ಕು ಎಂ12 ಕ್ಲ್ಯಾಂಪು. ಒಂದು ಪಿನ್ 11.99, ಇನ್ನೊಂದು 11.95. ಕೆಲವು ಜಾಬ್ ಇಳಿಯುವುದೇ ಇಲ್ಲ ಅಂತ ಎರಡನೆಯದನ್ನು ಸಣ್ಣ ಮಾಡಿದ್ದು. ಮಷಿನ್ ನೋಡಬೇಕೋ ಫಿಕ್ಸ್ಚರ್ ನೋಡಬೇಕೋ?

ಕಾಳಿ_ತೀರ
ಸ್ಪಿಂಡಲ್ ವಾರ್ಮಪ್ ಮಾಡ್ತೀರಾ? ಬೆಳಿಗ್ಗೆ ಹೋದವರೇ ಸೀದಾ ಬೋರಿಂಗಿಗೆ ಇಳಿದರೆ ಮೊದಲ ನಾಲ್ಕೈದು ಜಾಬ್ ಹೀಗೇ.

ಟೂಲ್‌ರೂಮ್_ಮಾಸ್ತರ
ವಾರ್ಮಪ್ ಬೇಕು, ಆದರೆ ಈ ರೋಗ ಅದಲ್ಲ. ವಾರ್ಮಪ್ ತಪ್ಪಿದರೆ ಅಳತೆ ಒಂದೇ ದಿಕ್ಕಿಗೆ ನಿಧಾನ ಜಾರುತ್ತಾ ಹೋಗಿ ಒಂದು ಕಡೆ ನಿಲ್ಲುತ್ತದೆ. ಇವರದ್ದು ಆಚೆ ಈಚೆ ಕುಣಿಯುತ್ತಿದೆ.

ಪ್ರಶ್ನೆಯಲ್ಲೇ ಅರ್ಧ ಉತ್ತರ ಇದೆ. ಎರಡು ಬೋರ್ ಒಂದೇ ಹಿಡಿತದಲ್ಲಿ ಆಗುತ್ತವೆ, ಅವುಗಳ ನಡುವಿನ 90 ಸರಿ ಇದೆ. ಅಂದರೆ ಮಷಿನ್ ಹೇಳಿದ ಜಾಗಕ್ಕೆ ಹೋಗುತ್ತಿದೆ. ತೂತಿನಿಂದ ಬೋರಿಗೆ ಮಾತ್ರ ತಪ್ಪು ಅಂದರೆ ಜಾಬ್ ಪ್ರತಿ ಸಲ ಬೇರೆ ಕಡೆ ಕೂರುತ್ತಿದೆ.

ಆದರೂ ಊಹೆ ಬೇಡ, ಪರೀಕ್ಷೆ ಮಾಡಿ. ಬೋರ್ ಆದ ಒಂದು ಜಾಬ್ ತೆಗೆದುಕೊಳ್ಳಿ. ಸ್ಪಿಂಡಲ್ಲಿಗೆ ಲಿವರ್ ಡಯಲ್ ಹಾಕಿ, ಬೋರಿನ ಗೋಡೆಗೆ ಎಕ್ಸ್ ದಿಕ್ಕಿನಲ್ಲಿ ತಾಗಿಸಿ ಸೊನ್ನೆ ಮಾಡಿ. ಎಕ್ಸ್, ವೈ ಮುಟ್ಟಬೇಡಿ. ಝಡ್ ಮಾತ್ರ ಮೇಲೆ ಕೆಳಗೆ. ಜಾಬ್ ಬಿಚ್ಚಿ, ಒರೆಸಿ, ಮತ್ತೆ ಕೂರಿಸಿ, ಅದೇ ಟಾರ್ಕಿಗೆ ಬಿಗಿದು ಓದಿ. ಹತ್ತು ಸಲ. ಆಮೇಲೆ ವೈ ದಿಕ್ಕಿಗೆ ಹತ್ತು ಸಲ. ಹತ್ತೂ ಓದು ಒಂದೇ ಕಡೆ ಇದ್ದು ಜಾಗ ಮಾತ್ರ ತಪ್ಪಿದ್ದರೆ ಜಿ54ರಲ್ಲಿ (ಜಾಬಿನ ಸೊನ್ನೆ ಎಲ್ಲಿ ಅಂತ ಮಷಿನ್ನಿಗೆ ಹೇಳುವ ಆಫ್‌ಸೆಟ್) ತಿದ್ದಿದರಾಯಿತು. ಚದುರಿದ್ದರೆ ಜಿ54 ಮುಟ್ಟಬೇಡಿ. ಚದುರಿದ್ದನ್ನು ಆಫ್‌ಸೆಟ್‌ನಲ್ಲಿ ತಿದ್ದುತ್ತಾ ಕೂತರೆ ಚದುರುವಿಕೆ ಇನ್ನೂ ಜಾಸ್ತಿ ಆಗುತ್ತದೆ.

ಡಯಲ್_ಮುಳ್ಳು
ಲಿವರ್ ಡಯಲಿನ ಕಡ್ಡಿ ಮೇಲ್ಮೈಗೆ ಆದಷ್ಟು ಸಮಾನಾಂತರ ಇರಲಿ. 30 ಡಿಗ್ರಿ ಓರೆ ಇಟ್ಟರೆ ಡಯಲ್ 100 ತೋರಿಸಿದಾಗ ನಿಜವಾದ್ದು ಸುಮಾರು 87. ಇಲ್ಲದ ತಪ್ಪನ್ನು ಹುಡುಕಿಕೊಂಡು ಹೋಗ್ತೀರಿ.

ಘಟ್ಟದ_ಭಾವ (ಶಿರಸಿ)
ಭಾವ, 11.95 ಪಿನ್ ಹಾಕ್ಕಂಡು ಮಷಿನ್ ಮೇಲೆ ಅನುಮಾನ ಎಂತಕ್ಕೆ? ಲೆಕ್ಕ ಹಾಕಿ ನೋಡವು.

ತೂತು ದೊಡ್ಡದಿದ್ದಾಗ 12.018. ಮೊದಲ ಪಿನ್ನಿನಲ್ಲಿ ಆಟ (ತೂತು, ಪಿನ್ ನಡುವಿನ ಸಡಿಲ) 28 ಮೈಕ್ರಾನ್, ಅಂದರೆ ನಡುವಿನಿಂದ ಆಚೆ 14, ಈಚೆ 14. ಎರಡನೇ ಪಿನ್ನಿನಲ್ಲಿ ಆಟ 68, ಆಚೆ 34, ಈಚೆ 34. ಒಂದು ಕೊನೆ ಈಚೆ, ಇನ್ನೊಂದು ಕೊನೆ ಆಚೆ ಸರಿದರೆ 160 ಮಿ.ಮೀ.ಗೆ 48 ಮೈಕ್ರಾನ್ ತಿರುಗಿತು. ಬೋರ್ 100 ಮಿ.ಮೀ. ಪಕ್ಕಕ್ಕಿದೆ, ಅಲ್ಲಿಗೆ ಅದು 30. ತಿರುಗುವುದರ ಜೊತೆ ಸ್ವಲ್ಪ ಜಾರುವುದೂ ಸೇರಿದರೆ ಕೆಟ್ಟ ಸಂದರ್ಭದಲ್ಲಿ ಆಚೆ 38, ಈಚೆ 38. ಒಟ್ಟು 76. ನಿಮ್ಮ 80ರ ಹತ್ತಿರ ಹತ್ತಿರ ಬಂತಲ್ಲ!

ಹೊಸಬ_ಫಿಟ್ಟರ್
ಹಾಗಾದ್ರೆ ಎರಡೂ ಪಿನ್ 11.99 ಮಾಡಿದ್ರೆ ಮುಗೀತಲ್ಲ ಅಣ್ಣ?

ಘಟ್ಟದ_ಭಾವ (ಶಿರಸಿ)
ಮುಗಿತಿಲ್ಲೆ ತಮ್ಮ, ಅದಕ್ಕೇ ಅವು ಸಣ್ಣ ಮಾಡಿದ್ದು. ತೂತು ಚಿಕ್ಕದಿದ್ದಾಗ ಒಂದೊಂದು ಪಿನ್ನಿಗೆ ಆಟ 10 ಮೈಕ್ರಾನ್. ಎರಡೂ ದುಂಡಾಗಿದ್ದರೆ ನಡುವಿನ ಅಂತರದ ತಪ್ಪು 10ರೊಳಗೆ ಇದ್ದರೆ ಮಾತ್ರ ಜಾಬ್ ಇಳಿಯುತ್ತದೆ. ಡ್ರಾಯಿಂಗ್ ಕೊಟ್ಟಿದ್ದು ±20. ಇಳಿಯದ ಜಾಬಿಗೆ ಆಪರೇಟರ್ ಮ್ಯಾಲೆಟ್ ತಗೊಂಡು ಕುಟ್ಟುತ್ತಾನೆ. ತೂತಿನ ಬಾಯಿ ಎದ್ದು ಬರುತ್ತದೆ, ತಳ ಪ್ಯಾಡಿಗೆ ಕೂರುವುದೇ ಇಲ್ಲ. ಎರಡನೇ ಪಿನ್ ಡೈಮಂಡ್ (ಎರಡು ಬದಿ ಉಜ್ಜಿ ತೆಗೆದ ಪಿನ್) ಆಗವು. ಬೇರೆ ದಾರಿ ಇಲ್ಲೆ.

ಅಘನಾಶಿನಿ_ದಡ
ಡೈಮಂಡ್ ಪಿನ್ ಹಾಕುವಾಗ ಅದರ ಉಳಿದ ಎರಡು ಮುಖ ಮೊದಲ ಪಿನ್ ಕಡೆ ನೋಡುವ ಹಾಗೆ ಹಾಕಿ.

ಟೂಲ್‌ರೂಮ್_ಮಾಸ್ತರ
ಉಲ್ಟಾ ಆಯಿತು ಮಾರಾಯ್ರೆ! ತಾಗುವ ಮುಖಗಳು (ಲ್ಯಾಂಡ್) ಎರಡು ಪಿನ್ ಸೇರಿಸುವ ಗೆರೆಗೆ ಅಡ್ಡ ಬದಿಯಲ್ಲಿ ಇರಬೇಕು. ಉಜ್ಜಿ ತೆಗೆದ ಬದಿ ಗೆರೆಯ ಉದ್ದಕ್ಕೆ. ಅಂತರ ಹೆಚ್ಚುಕಮ್ಮಿ ಆಗುವುದು ಗೆರೆಯ ಉದ್ದಕ್ಕೆ, ಅಲ್ಲಿ ಜಾಗ ಬಿಡಬೇಕು. ತಿರುಗುವುದನ್ನು ತಡೆಯಬೇಕಾದ್ದು ಅಡ್ಡಕ್ಕೆ, ಅಲ್ಲಿ ಹಿಡಿಯಬೇಕು. ನೀವು ಹೇಳಿದ ಹಾಗೆ ಹಾಕಿದರೆ ಜಾಬ್ ಇಳಿಯುವುದೂ ಇಲ್ಲ, ಇಳಿದದ್ದು ತಿರುಗುವುದೂ ತಪ್ಪುವುದಿಲ್ಲ.

ಲ್ಯಾಂಡಿನ ಅಗಲಕ್ಕೆ ಲೆಕ್ಕ: ಉದ್ದಕ್ಕೆ ಸಿಗುವ ಜಾಗ ಅಂದರೆ ಆಟವನ್ನು ಪಿನ್ ವ್ಯಾಸದಿಂದ ಗುಣಿಸಿ, ಲ್ಯಾಂಡ್ ಅಗಲದ ಎರಡರಷ್ಟರಿಂದ ಭಾಗಿಸಿದ್ದು. ಆಟ 0.010, ವ್ಯಾಸ 12, ಲ್ಯಾಂಡ್ 3 ಇಟ್ಟರೆ 0.12ನ್ನು 6ರಿಂದ ಭಾಗಿಸಿ 0.020. ದುಂಡು ಪಿನ್ ಕೊಡುವ 0.005 ಸೇರಿ 0.025. ಜಾಬಿನ 0.02, ಫಿಕ್ಸ್ಚರಿನ ಪಿನ್ ಅಂತರಕ್ಕೆ 0.005 ಬಿಟ್ಟರೆ ಸರಿಯಾಗಿ ಅಷ್ಟೇ. ನಾನಾದರೆ 2.5 ಇಡುತ್ತೇನೆ. ಇನ್ನೂ ಸಪೂರ ಮಾಡಿದರೆ ಬೇಗ ಸವೆಯುತ್ತದೆ. ಪಿನ್ ತನ್ನಷ್ಟಕ್ಕೆ ತಿರುಗದ ಹಾಗೆ ಕಾಲರಿಗೆ ಒಂದು ಫ್ಲ್ಯಾಟ್ ಹಾಕಿಸಿ.

ಅಘನಾಶಿನಿ_ದಡ
ಹೌದು, ಬರೆಯುವಾಗ ಉಲ್ಟಾ ಆಯಿತು. ಮಾಸ್ತರು ಹೇಳಿದ್ದೇ ಸರಿ.

ನೇವಿ_ಗುತ್ತಿಗೆ
ಇಷ್ಟೆಲ್ಲ ಯಾಕೆ? ಝೀರೋ ಪಾಯಿಂಟ್ ಕ್ಲ್ಯಾಂಪಿಂಗ್ ಹಾಕಿಸಿ. 5 ಮೈಕ್ರಾನ್ ರಿಪೀಟ್ ಆಗ್ತದೆ, ತಲೆನೋವು ಮುಗೀತು.

ಡಯಲ್_ಮುಳ್ಳು
ಅದು ಫಿಕ್ಸ್ಚರ್ ಪ್ಲೇಟು ಟೇಬಲ್ ಮೇಲೆ ವಾಪಸ್ ಅದೇ ಜಾಗಕ್ಕೆ ಬರುವುದಕ್ಕೆ. ಜಾಬ್ ಪ್ಲೇಟಿನ ಮೇಲೆ ಎಲ್ಲಿ ಕೂರುತ್ತದೆ ಅನ್ನುವುದಕ್ಕೆ ಅದಕ್ಕೂ ಸಂಬಂಧ ಇಲ್ಲ. ಹಾಕಿಸಿದರೂ ಈ 11.95 ಪಿನ್ ಅಲ್ಲೇ ಕೂತಿರುತ್ತದೆ.

ನೇವಿ_ಗುತ್ತಿಗೆ
ಸೆಟ್ಟಿಂಗ್ ಟೈಮ್ ಆದರೂ ಉಳಿಯುತ್ತದಲ್ಲ.

ಡಯಲ್_ಮುಳ್ಳು
ಅದು ಬೇರೆ ಪ್ರಶ್ನೆ, ಬೇರೆ ದಾರ ಹಾಕಿ.

ಕುಮಟಾ_ಲೇಥ್
ನಾಲ್ಕು ಪ್ಯಾಡಿನ ಬಗ್ಗೆ ಯಾರೂ ಮಾತಾಡಿಲ್ಲ. ಮೂರು ಕಾಲಿನ ಸ್ಟೂಲು ಎಲ್ಲಿಟ್ಟರೂ ನಿಲ್ಲುತ್ತದೆ, ನಾಲ್ಕು ಕಾಲಿನದು ಅಲ್ಲಾಡುತ್ತದೆ. 3-2-1 ನಿಯಮ (ತಳಕ್ಕೆ ಮೂರು, ಪಕ್ಕಕ್ಕೆ ಎರಡು, ತುದಿಗೆ ಒಂದು ಆಧಾರ) ಅಂದರೆ ತಳಕ್ಕೆ ಮೂರೇ.

ಕಾಳಿ_ತೀರ
ಅದು ಕಚ್ಚಾ ಎರಕಕ್ಕೆ. ಇಲ್ಲಿ ತಳ ಮಿಲ್ಲಿಂಗ್ ಆಗಿದೆಯಲ್ಲ, ನಾಲ್ಕಿದ್ದರೆ ಏನು?

ಕುಮಟಾ_ಲೇಥ್
ಮಿಲ್ಲಿಂಗ್ ಆದ ತಳ ಅಂದ ಕೂಡಲೇ ಸಪಾಟು ಅಂತಲ್ಲ. ಮೊದಲ ಸೆಟ್ಟಿಂಗಿನಲ್ಲಿ ಎರಕವನ್ನು ಎಳೆದು ಬಿಗಿದಿದ್ದರೆ ಬಿಚ್ಚಿದಾಗ ತಳ 20–30 ಮೈಕ್ರಾನ್ ಸೊಟ್ಟಗಾಗುತ್ತದೆ. ಅದು ನಾಲ್ಕು ಪ್ಯಾಡಿನ ಮೇಲೆ ಕೂತಾಗ ಮೂರಕ್ಕೆ ತಾಗುತ್ತದೆ. ಯಾವ ಮೂರು ಅನ್ನುವುದು ಯಾವ ಕ್ಲ್ಯಾಂಪ್ ಮೊದಲು ಬಿಗಿದಿರಿ ಅನ್ನುವುದರ ಮೇಲೆ! ಜಾಬ್ ಕೂರಿಸಿ, ಕ್ಲ್ಯಾಂಪ್ ಹಾಕದೆ, ನಾಲ್ಕೂ ಪ್ಯಾಡಿಗೆ 0.02 ಫೀಲರ್ (ತೆಳು ಅಳತೆ ಪಟ್ಟಿ) ಹಾಕಿ ನೋಡಿ. ಒಂದರಲ್ಲಿ ಸರಕ್ಕನೆ ಹೋದರೆ ಉತ್ತರ ಸಿಕ್ಕಿತು.

ಬಗ್ಗಿಸಿ ಹಿಡಿದು ಬೋರ್ ಹೊಡೆದರೆ ಮಷಿನ್ ಮೇಲೆ ಡಯಲ್ ಸೊನ್ನೆ ತೋರಿಸುತ್ತದೆ. ಬಿಚ್ಚಿದ ಮೇಲೆ ಬೋರ್ ಓರೆ, ಕೆಲವೊಮ್ಮೆ ಮೊಟ್ಟೆಯಾಕಾರ. 120 ಎತ್ತರದ ಜಾಬಿಗೆ 200 ಮಿ.ಮೀ. ಅಂತರದ ಪ್ಯಾಡಿನಲ್ಲಿ 50 ಮೈಕ್ರಾನ್ ಎದ್ದಿದ್ದರೆ ತುದಿಯಲ್ಲಿ ಬೋರ್ 30 ಮೈಕ್ರಾನ್ ಸರಿಯುತ್ತದೆ.

ಕಾಳಿ_ತೀರ
ಮೂರೇ ಇಟ್ಟರೆ ನಾಲ್ಕನೇ ಮೂಲೆಯಲ್ಲಿ ಕಟರ್ ಒತ್ತಿದಾಗ ಜಾಬ್ ವಾಲುತ್ತದಲ್ಲ?

ಕುಮಟಾ_ಲೇಥ್
ವಾಲುತ್ತದೆ. ಅದಕ್ಕೇ ನಾಲ್ಕನೆಯದಕ್ಕೆ ಸ್ಪ್ರಿಂಗ್ ಜಾಕ್: ತಾನಾಗಿ ಎದ್ದು ತಾಗಿಕೊಂಡು, ಆಮೇಲೆ ಪಕ್ಕದ ಸ್ಕ್ರೂನಿಂದ ಲಾಕ್ ಆಗುವಂಥದ್ದು. ಅದು ಆಧಾರ ಮಾತ್ರ, ಜಾಗ ತೀರ್ಮಾನ ಮಾಡುವುದಲ್ಲ. ಉಳಿದ ಮೂರು ಪ್ಯಾಡನ್ನು ಪ್ಲೇಟಿಗೆ ಕೂರಿಸಿದ ಮೇಲೆ ಒಟ್ಟಿಗೆ ಸರ್ಫೇಸ್ ಗ್ರೈಂಡ್ ಮಾಡಿಸಿ. ಬೇರೆ ಬೇರೆ ಗ್ರೈಂಡ್ ಮಾಡಿ ತಂದು ಸ್ಕ್ರೂ ಹಾಕಿದರೆ ಎತ್ತರ ಒಂದೇ ಇರುವುದಿಲ್ಲ.

ಗಂಗಾವಳಿ_ಫೌಂಡ್ರಿ
ಮೂರು ಪಾಯಿಂಟಿನ ಮಾತು ಬಂತಲ್ಲ, ಅದು ನಿಜವಾಗಿ ಬೇಕಾದ್ದು ಮೊದಲ ಸೆಟ್ಟಿಂಗಿನಲ್ಲಿ. ಎರಕ ಬೆಳಗಾವಿಯಿಂದ ಬರಲಿ, ಶಿವಮೊಗ್ಗದಿಂದ ಬರಲಿ, ಪಾರ್ಟಿಂಗ್ ಗೆರೆ ಮೇಲೆ, ಗೇಟ್ ಕಡಿದ ಜಾಗದಲ್ಲಿ, ರೈಸರ್ ಬುಡದಲ್ಲಿ ಪಾಯಿಂಟ್ ಇಡಬೇಡಿ. ಆ ಮೂರೂ ಜಾಗ ಪ್ರತಿ ಎರಕದಲ್ಲೂ ಬೇರೆ ಬೇರೆ ಇರುತ್ತವೆ, ಅಲ್ಲಿ ಕೂರಿಸಿ ಮಾಡಿದ ತಳ ಕೂಡಾ ಹಾಗೇ ಬೇರೆ ಬೇರೆ.

ಶಿರವಾಡ_ವಿಎಂಸಿ (ಕಾರವಾರ)
ಫೀಲರ್ ಹಾಕಿದೆ. ಹಿಂದಿನ ಬಲ ಪ್ಯಾಡಿನಲ್ಲಿ 0.02 ಹೋಗ್ತದೆ, 0.03 ಹೋಗಲ್ಲ.

ಹತ್ತು ಸಲದ ಪರೀಕ್ಷೆ: ಎಕ್ಸ್ ದಿಕ್ಕಿನಲ್ಲಿ 62 ಮೈಕ್ರಾನ್ ಚದುರಿದೆ, ವೈ ದಿಕ್ಕಿನಲ್ಲಿ 31. ಇಲ್ಲಿ ಟಾರ್ಕ್ ರೆಂಚ್ ಇಲ್ಲ, ಕೈಯಲ್ಲೇ ಬಿಗಿದದ್ದು.

ಟೂಲ್‌ರೂಮ್_ಮಾಸ್ತರ
ಮಷಿನ್ ಕಟಕಟೆಯಿಂದ ಇಳಿಯಿತು. ಪೂರ್ತಿ ಫಿಕ್ಸ್ಚರಿನದ್ದೇ.

ಟಾರ್ಕ್ ರೆಂಚ್ ಒಂದು ತಗೊಳ್ಳಿ. ಎಂ12ಕ್ಕೆ 40 ನ್ಯೂಟನ್ ಮೀಟರ್ ಹಾಕಿದರೆ ಬೋಲ್ಟಿನಲ್ಲಿ ಸುಮಾರು 16–17 ಕಿಲೋನ್ಯೂಟನ್, ಅಂದರೆ 1.7 ಟನ್ ಒತ್ತಡ. ಕೈಗೆ ಪೈಪ್ ಸಿಕ್ಕಿಸಿ ಎಳೆದರೆ ಎಷ್ಟೋ ದೇವರೇ ಬಲ್ಲ. ಈ ಹೌಸಿಂಗಿನ ಕಿವಿಗೆ 25 ಸಾಕು ಅನಿಸುತ್ತದೆ. ಬೋರಿಂಗ್ ಫಿನಿಶ್‌ಗೆ ಮೊದಲು ಒಮ್ಮೆ ಸಡಿಲಿಸಿ, 12–15ಕ್ಕೆ ಮತ್ತೆ ಬಿಗಿದು ಫಿನಿಶ್ ಹೊಡೆದರೆ ಇನ್ನೂ ಒಳ್ಳೆಯದು.

ಕ್ಲ್ಯಾಂಪ್ ಮೂತಿ ನೇರ ಪ್ಯಾಡಿನ ಮೇಲೇ ಬರಬೇಕು. ಪ್ಯಾಡ್ ಒಂದು ಕಡೆ, ಮೂತಿ ಇನ್ನೊಂದು ಕಡೆ ಆದರೆ ನೀವೇ ಜಾಬನ್ನು ಬಗ್ಗಿಸುತ್ತಿದ್ದೀರಿ. ಹಿಂದಿನ ಹೀಲ್ ಬ್ಲಾಕ್ (ಕ್ಲ್ಯಾಂಪಿನ ಬಾಲ ಕೂರುವ ಕಟ್ಟೆ) ಜಾಬಿಗಿಂತ ಒಂದು ಕೂದಲು ಎತ್ತರ ಇರಲಿ, ಬೋಲ್ಟ್ ಜಾಬಿನ ಹತ್ತಿರ. ಹೀಲ್ ತಗ್ಗಿದ್ದರೆ ಕ್ಲ್ಯಾಂಪ್ ಜಾಬಿನ ಅಂಚನ್ನಷ್ಟೇ ಕಚ್ಚಿ ಹಿಂದಕ್ಕೆ ಎಳೆಯುತ್ತದೆ. ನಟ್ಟಿನ ಕೆಳಗೆ ಗೋಳದ ವಾಶರ್ ಹಾಕಿ.

ಡಯಲ್_ಮುಳ್ಳು
ಇದನ್ನೂ ಡಯಲಿಟ್ಟು ನೋಡಬಹುದು. ಕ್ಲ್ಯಾಂಪ್ ಪಕ್ಕ ಜಾಬಿನ ಮೇಲೆ ಡಯಲ್, ನಿಧಾನ ಬಿಗಿಯಿರಿ. ಮುಳ್ಳು 10 ಮೈಕ್ರಾನ್ ದಾಟಿದರೆ ಜಾಬ್ ಬಗ್ಗುತ್ತಿದೆ ಅಥವಾ ಸರಿಯುತ್ತಿದೆ. ಯಾವ ಕ್ಲ್ಯಾಂಪಿಗೆ ಎಷ್ಟು ಅಂತ ಬರೆದಿಡಿ.

ಘಟ್ಟದ_ಭಾವ (ಶಿರಸಿ)
ಡೈಮಂಡ್ ಹಾಕಿದ ಮೇಲೂ ಆಟ 28 ಇದ್ದೇ ಇರುತ್ತದೆ. ಲೆಕ್ಕದ ಪ್ರಕಾರ ಬೋರಿನಲ್ಲಿ ಆಚೆ 25, ಈಚೆ 25. ±30ರೊಳಗೆ ಬಂತು, ಆದರೆ ಉಸಿರಾಡಲು ಜಾಗ ಇಲ್ಲೆ.

ಅದಕ್ಕೆ ಮುಂದಿನ ಕೆಲಸ: ಬಿಗಿಯುವ ಮೊದಲು ಜಾಬನ್ನು ಯಾವಾಗಲೂ ಒಂದೇ ಕಡೆಗೆ ಒತ್ತವು. ಪಕ್ಕದಲ್ಲಿ ಎರಡು ಸ್ಪ್ರಿಂಗ್ ಪ್ಲಂಜರ್ (ಸ್ಪ್ರಿಂಗ್ ಒತ್ತುವ ಕಡ್ಡಿ), ಪಿನ್ನಿಗೆ ಒಂದೊಂದರಂತೆ ಎದುರಿಗೆ, ತುದಿಯಲ್ಲಿ ಇನ್ನೊಂದು. ಆಗ ತೂತಿನ ಒಂದೇ ಬದಿ ಪಿನ್ನಿಗೆ ತಾಗಿ ನಿಲ್ಲುತ್ತದೆ. ಆಟ ಎಷ್ಟಿದ್ದರೂ ಒಂದೇ ಕಡೆ ಇರುವುದರಿಂದ ಅದನ್ನು ಜಿ54ಕ್ಕೆ ಒಮ್ಮೆ ಹಾಕಿದರೆ ಸೈ. ಉಳಿಯುವುದು ತೂತಿನ ಸೈಜ್ ಜಾಬಿನಿಂದ ಜಾಬಿಗೆ ಎಷ್ಟು ಬದಲಾಗುತ್ತದೆ, ಅದರ ಅರ್ಧ. ರೀಮರ್ ಒಂದೇ ಆದ್ದರಿಂದ 5–6 ಮೈಕ್ರಾನ್ ಬದಲಾದರೆ 3 ಸರಿಯುತ್ತದೆ. ಮೂರು ಪ್ಲಂಜರಿನಲ್ಲಿ ಆಗುವ ಕೆಲಸ.

ಹೊಸಬ_ಫಿಟ್ಟರ್
ಪ್ಲಂಜರ್ ಬದಲು ಆಪರೇಟರ್ ಕೈಯಲ್ಲೇ ಒತ್ತಿ ಹಿಡಿದ್ರೆ?

ಘಟ್ಟದ_ಭಾವ (ಶಿರಸಿ)
ಊಟಕ್ಕೆ ಮುಂಚೆ ಒತ್ತುತ್ತಾನೆ, ಊಟ ಆದ ಮೇಲೆ ಒತ್ತುತ್ತಿಲ್ಲೆ.

ಭಟ್ಕಳ_ಬೋಟ್_ಶಾಫ್ಟ್
ಸ್ವಲ್ಪ ಬೇರೆ ದಾರಿ. ಮೀನುಗಾರಿಕೆ ಬೋಟಿನ ಶಾಫ್ಟಿಗೆ ಕೀವೇ (ಕೀ ಕೂರುವ ಕಾಲುವೆ) ಹೊಡೆಯುವಾಗ ವಿ-ಬ್ಲಾಕ್ (ವಿ ಆಕಾರದ ಆಧಾರ) ಬಳಸುತ್ತೇವೆ. 45 ವ್ಯಾಸ, ಎಚ್9. ಕೀವೇ ಒಮ್ಮೊಮ್ಮೆ ನಡು ಬಿಟ್ಟು ಹೋಗುತ್ತದೆ. ಇದೂ ಅದೇ ರೋಗವೇ?

ಟೂಲ್‌ರೂಮ್_ಮಾಸ್ತರ
ವಿ ಯಾವ ಕಡೆ ಬಾಯಿ ತೆರೆದಿದೆ ಅನ್ನುವುದೇ ಪ್ರಶ್ನೆ. 90 ಡಿಗ್ರಿ ವಿ-ಬ್ಲಾಕಿನಲ್ಲಿ ವ್ಯಾಸ ಬದಲಾದಷ್ಟಕ್ಕೆ 0.707ರಷ್ಟು ನಡು ಸರಿಯುತ್ತದೆ, ವಿ-ಯ ನಡುಗೆರೆ ಮೇಲೆ. 45 ಎಚ್9 ಅಂದರೆ 62 ಮೈಕ್ರಾನ್ ಬದಲಾಗಬಹುದು, ನಡು 44 ಸರಿಯುತ್ತದೆ. ವಿ ಮೇಲಕ್ಕೆ ಬಾಯಿ ತೆರೆದು ಕಟರ್ ಮೇಲಿನಿಂದ ಬಂದರೆ ಈ 44 ಆಳದಲ್ಲಿ ಹೋಗುತ್ತದೆ, ಕೀವೇ ನಡುವಲ್ಲೇ ಇರುತ್ತದೆ. ವಿ ಪಕ್ಕಕ್ಕೆ ಮಲಗಿದ್ದರೆ ಆ 44 ಪೂರ್ತಿ ನಡು ತಪ್ಪಿಸುತ್ತದೆ. 120 ಡಿಗ್ರಿ ವಿ ಆದರೆ 0.577, 60 ಡಿಗ್ರಿಗೆ ಪೂರ್ತಿ 1.

ಭಟ್ಕಳ_ಬೋಟ್_ಶಾಫ್ಟ್
ಪಕ್ಕಕ್ಕೇ ಮಲಗಿದೆ. ಗೊತ್ತಾಯಿತು ಮಾಸ್ತರೇ.

ತದಡಿ_ಗಾಳಿ
ಎಂಎಸ್ ಪ್ಲೇಟು ಯಾಕೆ, ನಮ್ಮ ಕಡಲ ಗಾಳಿಗೆ ಎರಡು ದಿನಕ್ಕೆ ತುಕ್ಕು. ಅಲ್ಯೂಮಿನಿಯಂ ಪ್ಲೇಟು ಹಾಕಿ, ಹಗುರವೂ ಹೌದು.

ಕಾಳಿ_ತೀರ
ಹಗುರ ಹೌದು, ಆದರೆ ಹಿಗ್ಗುತ್ತದೆ. ಅಲ್ಯೂಮಿನಿಯಂ ಒಂದು ಮೀಟರಿಗೆ ಡಿಗ್ರಿಗೆ 23 ಮೈಕ್ರಾನ್, ಎರಕದ ಕಬ್ಬಿಣ ಸುಮಾರು 11. ಬೆಳಿಗ್ಗೆಯಿಂದ ಮಧ್ಯಾಹ್ನಕ್ಕೆ 10 ಡಿಗ್ರಿ ಏರಿದರೆ 160 ಮಿ.ಮೀ. ಪಿನ್ ಅಂತರದಲ್ಲಿ ಇಬ್ಬರ ನಡುವೆ 19 ಮೈಕ್ರಾನ್ ವ್ಯತ್ಯಾಸ. ಎಂಎಸ್ ಮತ್ತು ಎರಕ ಹೆಚ್ಚುಕಮ್ಮಿ ಒಟ್ಟಿಗೆ ಹಿಗ್ಗುತ್ತವೆ. ತುಕ್ಕಿಗೆ ಬೇರೆ ಮದ್ದು ಹುಡುಕಿ.

ತದಡಿ_ಗಾಳಿ
ಅದು ತಲೆಗೆ ಹೊಳೆದಿರಲಿಲ್ಲ.

ಅಘನಾಶಿನಿ_ದಡ
ತುಕ್ಕಿನ ಮಾತು ಬಂತು ಅಂತ ಹೇಳುತ್ತೇನೆ. ಮಳೆಗಾಲದಲ್ಲಿ ಪಿನ್ ಸವೆಯುವುದು ಜಾಬ್ ಉಜ್ಜಿ ಅಲ್ಲ, ಪಾಲಿಶ್ ಪೇಪರ್ ಉಜ್ಜಿ! ಭಾನುವಾರ ರಜೆ, ಸೋಮವಾರ ಪಿನ್ ಕೆಂಪಗೆ. ಎಮರಿ ತಗೊಂಡು ನಾಲ್ಕು ಸುತ್ತು. ವಾರಕ್ಕೆ ಒಂದು ಮೈಕ್ರಾನ್ ಹೋದರೂ ಜೂನ್‌ನಿಂದ ಸೆಪ್ಟೆಂಬರ್‌ಗೆ ಲೆಕ್ಕ ಹಾಕಿ. ಇಎನ್31 ಗಟ್ಟಿ, ಆದರೆ ತುಕ್ಕಿಗೆ ಏನೂ ಅಲ್ಲ. 440ಸಿ ಸ್ಟೇನ್‌ಲೆಸ್ ಹಾರ್ಡನ್ ಮಾಡಿಸಿ ಗಡಸುತನ 56–58 ಎಚ್‌ಆರ್‌ಸಿ ತನಕ ತರಬಹುದು. ಇಲ್ಲದಿದ್ದರೆ ಕಾರ್ಬೈಡ್ ತುದಿ.

ಕೂಲೆಂಟಿಗೆ ಬಾವಿ ನೀರು ಹಾಕ್ತೀರಾ? ಏಪ್ರಿಲ್-ಮೇನಲ್ಲಿ ಕಡಲ ಹತ್ತಿರದ ಬಾವಿ ಉಪ್ಪಾಗುತ್ತದೆ, ಆ ಕ್ಲೋರೈಡ್ ಪಿನ್ನನ್ನೂ ಜಾಬನ್ನೂ ತಿನ್ನುತ್ತದೆ. ಆರ್‌ಓ ನೀರು ಅಥವಾ ಹಿಡಿದಿಟ್ಟ ಮಳೆ ನೀರು ಹಾಕಿ, ಕೂಲೆಂಟ್ ಎಣ್ಣೆ ರಿಫ್ರ್ಯಾಕ್ಟೋಮೀಟರಲ್ಲಿ 6–8 ಪರ್ಸೆಂಟ್ ಇರಲಿ. ಕಡಿಮೆಯಾದದ್ದನ್ನು ಬರೀ ನೀರಿನಲ್ಲಿ ತುಂಬಿಸುತ್ತಾ ಹೋದರೆ ಎಣ್ಣೆ ತೆಳುವಾಗುತ್ತದೆ, ಉಪ್ಪು ಮಾತ್ರ ಟ್ಯಾಂಕಿನಲ್ಲಿ ಕೂಡುತ್ತಾ ಹೋಗುತ್ತದೆ.

ಕುಮಟಾ_ಲೇಥ್
ಇದಕ್ಕೇ ಸರ್ಫೇಸ್ ಪ್ಲೇಟು ಗ್ರಾನೈಟಿನದ್ದು ಇಟ್ಟುಕೊಳ್ಳುವುದು. ಎರಕದ ಪ್ಲೇಟಿನ ತುಕ್ಕು ಉಜ್ಜುತ್ತಾ ಉಜ್ಜುತ್ತಾ ಅದೇ ಬಟ್ಟಲಾಗಿರುತ್ತದೆ.

ಗಂಗಾವಳಿ_ಫೌಂಡ್ರಿ
ಎರಕದ ಚಿಪ್ಸ್ ಪುಡಿ ಮಸಿ ಥರ, ಕೂಲೆಂಟ್ ಸೇರಿ ಸಿಮೆಂಟ್ ಆಗುತ್ತದೆ. ಪಿನ್ನಿನ ಬುಡದಲ್ಲಿ ಸುತ್ತ ಒಂದು ಕಾಲುವೆ ಕೊರೆಸಿ, 1.5 ಆಳ ಸಾಕು, ಕೊಳಕು ಅಲ್ಲಿಗೆ ಹೋಗಲಿ. ಪ್ಯಾಡು 15–16 ವ್ಯಾಸಕ್ಕಿಂತ ದೊಡ್ಡದು ಬೇಡ. ದೊಡ್ಡ ಪ್ಯಾಡು ಅಂದರೆ ಕಸಕ್ಕೆ ದೊಡ್ಡ ಜಾಗ. ಪಿನ್ನಿನ ನೇರ ಭಾಗ 5 ಮಿ.ಮೀ. ಇದ್ದರೆ ಧಾರಾಳ, ಮೇಲೆ ಓರೆ. ಉದ್ದ ಪಿನ್ ಇಟ್ಟರೆ ತೂತು ತಳಕ್ಕೆ ಚೂರು ಓರೆ ಇದ್ದರೂ ಪಿನ್ನೇ ಜಾಬನ್ನು ಹಿಡಿದು ಪ್ಯಾಡಿನಿಂದ ಎತ್ತುತ್ತದೆ. ರೀಮ್ ಆದ ತೂತಿನ ಬಾಯಿಗೆ 0.5 ಚಾಂಫರ್ (ಓರೆ ಅಂಚು) ಮರೆಯಬೇಡಿ, ಬರ್ (ಎದ್ದ ಚೂಪು ಅಂಚು) ಇದ್ದರೆ ಮೇಲೆ ಹೇಳಿದ್ದೆಲ್ಲ ನೀರಿನಲ್ಲಿ ಹೋಮ.

ಶಿರವಾಡ_ವಿಎಂಸಿ (ಕಾರವಾರ)
ಇಲ್ಲಿಯವರೆಗೆ ಆದದ್ದು: ನಾಲ್ಕನೇ ಪ್ಯಾಡ್ ತೆಗೆದು ಜಾಕ್ ಇಟ್ಟಿದೆ. ಡೈಮಂಡ್ ಪಿನ್ 11.99, ಲ್ಯಾಂಡ್ 2.5. ಟಾರ್ಕ್ 25. ಎಕ್ಸ್ ದಿಕ್ಕಿನ ಚದುರುವಿಕೆ 62ರಿಂದ 38ಕ್ಕೆ ಇಳಿಯಿತು. ಪ್ಲಂಜರ್ ಹಾಕಿದ ಮೇಲೆ 11. ವೈ ದಿಕ್ಕಿನಲ್ಲಿ 8.

ಡಯಲ್_ಮುಳ್ಳು
11 ಒಳ್ಳೆಯದೇ. ಆದರೆ ಡೈಮಂಡ್ ಹಾಕಿದ ಮೇಲೂ 38 ಉಳಿದದ್ದು ಸ್ವಲ್ಪ ಹೆಚ್ಚೇ. ಹತ್ತು ಸಲಕ್ಕೆ ಕೆಟ್ಟ ಸಂದರ್ಭ ಎಲ್ಲ ಬರುವುದಿಲ್ಲ, 25–30 ಇರಬೇಕಿತ್ತು. ಹಳೆಯ ದುಂಡು ಪಿನ್ 11.99 ಅನ್ನುವುದು ಡ್ರಾಯಿಂಗಿನದೋ, ಅಳೆದದ್ದೋ? ಮೈಕ್ರೋಮೀಟರಲ್ಲಿ ಬುಡದಲ್ಲಿ ಎರಡು ದಿಕ್ಕಿಗೆ ನೋಡಿ.

ಶಿರವಾಡ_ವಿಎಂಸಿ (ಕಾರವಾರ)
ಡ್ರಾಯಿಂಗಿನದು. ಈಗ ಅಳೆದೆ: ಒಂದು ದಿಕ್ಕಿಗೆ 11.984, ಅಡ್ಡಕ್ಕೆ 11.973.

ಅಘನಾಶಿನಿ_ದಡ
ನೋಡಿ, ಪಾಲಿಶ್ ಪೇಪರ್!

ಘಟ್ಟದ_ಭಾವ (ಶಿರಸಿ)
ಪಿನ್ ಬದಲಾಯಿಸಿ, ಆದ್ರೆ ಪ್ಲಂಜರ್ ತೆಗೆಯಡಿ. ಹೊಸ ಪಿನ್ನಿಗೆ ಹಿಂದಿನಿಂದ ಎಂ6 ಥ್ರೆಡ್ ಇರಲಿ, ಮುಂದಿನ ಸಲ ಹೊಡೆದು ತೆಗೆಯದು ಬೇಡ, ಎಳೆದು ತೆಗೆಯಲಾಗ್ತು.